ಮುಟ್ಟಿ ನೋಡಿದ ಪರಮಾಣು

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಪರಮಾಣುಗಳು ಮತ್ತು ಅಣುಗಳನ್ನು ಕುರಿತ ಪಾಠದಲ್ಲಿ, ಸಿಲಿಕಾನ್ ಮೇಲ್ಮೈಯ ಒಂದು ಚಿತ್ರವಿದೆ. ಆ ಪುಸ್ತಕದ ಕನ್ನಡ ಅನುವಾದ ಓದಿದ ಕರ್ನಾಟಕದ ಮಕ್ಕಳೂ ಅದನ್ನು ಕಂಡಿದ್ದಾರೆ. ಪರಮಾಣು ಕಣ್ಣಿಗೆ ಕಾಣದಷ್ಟು ಸಣ್ಣದು ಎಂದು ಹೇಳುವ ಪಾಠವೇ ಅದರ ಚಿತ್ರವನ್ನೂ ಮುಂದಿಡುತ್ತದೆ. ಕಾಣದ್ದರ ಚಿತ್ರ ತೆಗೆದದ್ದು ಹೇಗೆ ಎಂದು ಮಗು ಕೇಳಿದರೆ ಅದು ತಕ್ಕ ಪ್ರಶ್ನೆಯೇ. ಉತ್ತರ ಹೇಳದೆ ಪುಟ ತಿರುವಿದರೆ ಚಿತ್ರ ಬರೀ ಅಲಂಕಾರವಾಗಿ ಉಳಿಯುತ್ತದೆ.

ಪರಮಾಣುವನ್ನು ಕಲಿಸಲು ಮೊದಲು ಬಳಕೆಗೆ ಬಂದವು ಗುಂಡುಗಳು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ಮರದ ಗುಂಡುಗಳನ್ನು ಹಿಡಿದು ತನ್ನ ಸಿದ್ಧಾಂತವನ್ನು ವಿವರಿಸುತ್ತಿದ್ದ. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸವೊಂದರಲ್ಲಿ ಆಗಸ್ಟ್ ಹಾಫ್‌ಮನ್ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಕಡ್ಡಿಗಳಿಂದ ಜೋಡಿಸಿ ಅಣುಗಳನ್ನು ತೋರಿಸಿದ. ಇಂಗಾಲಕ್ಕೆ ಕಪ್ಪು, ಆಮ್ಲಜನಕಕ್ಕೆ ಕೆಂಪು, ಜಲಜನಕಕ್ಕೆ ಬಿಳಿ. ಇಂದಿನ ಪ್ರಯೋಗಶಾಲೆಯ ಪ್ಲಾಸ್ಟಿಕ್ ಮಾದರಿಗಳಲ್ಲೂ ಅವೇ ಬಣ್ಣಗಳಿವೆ. ಆದರೆ ಅವು ಯಾವುವೂ ನೋಡಿ ಮಾಡಿದ ಗೊಂಬೆಗಳಲ್ಲ, ಊಹಿಸಿ ಮಾಡಿದವು. ಕಾಣದ ವಸ್ತುವನ್ನು ನಂಬಲಾರೆ ಎಂದು ಅರ್ನ್ಸ್ಟ್ ಮಾಖ್‌ನಂಥ ಭೌತವಿಜ್ಞಾನಿಯೇ ಪರಮಾಣುವನ್ನು ಒಪ್ಪಲು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಕಾಣದಿರುವುದಕ್ಕೆ ಕಾರಣ ಬೆಳಕೇ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಪರಮಾಣುವಿನ ಅಡ್ಡಳತೆ ಒಂದು ನ್ಯಾನೋಮೀಟರಿನ ಮೂರನೇ ಒಂದು ಪಾಲನ್ನೂ ಮುಟ್ಟುವುದು ಕಷ್ಟ. ಮಸೂರವನ್ನು ಎಷ್ಟೇ ನಯವಾಗಿ ತಿಕ್ಕಿದರೂ ಬೆಳಕಿನ ಅಲೆಗೆ ಅಷ್ಟು ಸಣ್ಣದನ್ನು ಬಿಡಿಸಿ ತೋರಿಸಲು ಬರುವುದಿಲ್ಲ.

ಬಿಡಿ ಪರಮಾಣುಗಳು ಮೊದಲು ಕಂಡದ್ದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, 1955ರ ಅಕ್ಟೋಬರ್ 11ರಂದು. ಕಂಡವರು ಪ್ರಾಧ್ಯಾಪಕ ಎರ್ವಿನ್ ಮ್ಯೂಲರ್ ಮತ್ತು ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ವಿದ್ಯಾರ್ಥಿ ಕನ್ವರ್ ಬಹಾದುರ್. ಅತಿ ಚೂಪಾದ ಟಂಗ್‌ಸ್ಟನ್ ಸೂಜಿಯನ್ನು ತಣ್ಣಗಿರಿಸಿ, ಸುತ್ತ ತುಸು ಹೀಲಿಯಂ ಬಿಟ್ಟು, ಭಾರಿ ವೋಲ್ಟೇಜ್ ಕೊಟ್ಟರೆ, ತುದಿಯ ಪರಮಾಣುಗಳ ನೆತ್ತಿಯಿಂದ ಹೀಲಿಯಂ ಅಯಾನುಗಳು ಸಿಡಿದು ಪರದೆಗೆ ಬಡಿಯುತ್ತವೆ. ಪರದೆಯ ಮೇಲೆ ಮೂಡಿದ ಒಂದೊಂದು ಚುಕ್ಕೆಯೂ ಒಂದೊಂದು ಪರಮಾಣುವಿನ ಗುರುತು. ನಮ್ಮ ತರಗತಿಗಳಲ್ಲಿ ಬಹಾದುರ್ ಹೆಸರು ಕೇಳಿಬರುವುದು ತೀರಾ ಕಡಿಮೆ, ಬರಬೇಕಾದ ಹೆಸರದು.

ಈ ವಿಧಾನಕ್ಕೆ ಸೂಜಿಯ ತುದಿಯೇ ಮಾದರಿಯಾಗಬೇಕಿತ್ತು. ಚಪ್ಪಟೆ ಮೇಲ್ಮೈಯನ್ನು ಪರಮಾಣು ಪರಮಾಣುವಾಗಿ ತೋರಿಸುವ ಉಪಕರಣ ಬಂದದ್ದು 1981ರಲ್ಲಿ, ಸ್ವಿಟ್ಜರ್ಲೆಂಡಿನ ರ್ಯೂಶ್ಲಿಕಾನ್‌ನಲ್ಲಿರುವ ಐಬಿಎಂ ಪ್ರಯೋಗಾಲಯದಲ್ಲಿ. ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಖ್ ರೋರರ್ ರೂಪಿಸಿದ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಮಸೂರವಿಲ್ಲ, ಬೆಳಕೂ ಇಲ್ಲ. ಲೋಹದ ಚೂಪು ತುದಿಯೊಂದು ಮೇಲ್ಮೈಯಿಂದ ಒಂದು ನ್ಯಾನೋಮೀಟರಿಗೂ ಕಡಿಮೆ ಅಂತರದಲ್ಲಿ ತೇಲಿದಂತೆ ಸಾಗುತ್ತದೆ. ನಡುವಿನ ಖಾಲಿ ಜಾಗವನ್ನು ಎಲೆಕ್ಟ್ರಾನುಗಳು ಕ್ವಾಂಟಂ ನಿಯಮದಂತೆ ನುಸುಳಿ ದಾಟಿ ಕಿರಿದಾದ ವಿದ್ಯುತ್ ಹರಿಸುತ್ತವೆ. ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ಆ ಪ್ರವಾಹ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ರವಾಹ ಬದಲಾಗದಂತೆ ತುದಿಯನ್ನು ಏರಿಸುತ್ತ ಇಳಿಸುತ್ತ ಸಾಗಿ, ಆ ಏರಿಳಿತವನ್ನು ಗೆರೆಯಾಗಿ ಬರೆದುಕೊಂಡರೆ ಮೇಲ್ಮೈಯ ಉಬ್ಬುತಗ್ಗು ಸಿಗುತ್ತದೆ. ಕನ್ನಡದಲ್ಲಿ ‘ಮುಟ್ಟಿ ನೋಡು’ ಎನ್ನುವಾಗ ನೋಡುವ ಕೆಲಸವನ್ನು ಬೆರಳಿಗೆ ಒಪ್ಪಿಸುತ್ತೇವಲ್ಲ, ಈ ಉಪಕರಣದ್ದೂ ಅದೇ ಬಗೆಯ ನೋಟ. ಇನ್ನೇನು ಮುಟ್ಟಿತು ಎನ್ನುವಷ್ಟು ಹತ್ತಿರ ಹೋಗಿ ತಡವಿ ತಿಳಿಯುವ ನೋಟ.

ಪಾಠ ಹೇಳುವವರು ಬಿಡಲೇಬಾರದ ಸಂಗತಿ ಮುಂದಿನದು. ಸಿಲಿಕಾನಿನ ಒಂದು ಮುಖದಲ್ಲಿ ಪರಮಾಣುಗಳು ಏಳಕ್ಕೆ ಏಳರ ವಿಚಿತ್ರ ವಿನ್ಯಾಸದಲ್ಲಿ ನಿಂತಿವೆ ಎಂದು 1959ರಿಂದಲೇ ತಿಳಿದಿತ್ತು, ಆದರೆ ನಿಂತ ಬಗೆ ಹೊಳೆದಿರಲಿಲ್ಲ. ಬಿನ್ನಿಗ್ ಮತ್ತು ರೋರರ್ ಆ ಮುಖವನ್ನು ತಡವಿದರು. ರೆಕಾರ್ಡರ್ ಕಾಗದದ ಮೇಲೆ ಬಿದ್ದ ಗೆರೆಗಳನ್ನೇ ಒಂದರ ಹಿಂದೊಂದು ಜೋಡಿಸಿ ಉಬ್ಬುಚಿತ್ರವೊಂದನ್ನು ಕಟ್ಟಿದರು. 1983ರಲ್ಲಿ ಪ್ರಕಟವಾಗಿ ಹೊಸ ಉಪಕರಣದ ಬಗೆಗಿದ್ದ ಸಂಶಯಗಳನ್ನು ಕರಗಿಸಿದ್ದು ಆ ಫಲಿತಾಂಶ. ಮೇಲ್ಮೈ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹರಳಿನ ಒಳಗಿನ ಸಿಲಿಕಾನ್ ಪರಮಾಣುವಿಗೆ ನಾಲ್ಕು ನೆರೆಗಳು, ನಾಲ್ಕು ಬಂಧಗಳು. ಹರಳನ್ನು ಸೀಳಿದಾಗ ಹೊರಮೈಯಲ್ಲಿ ಉಳಿದವಕ್ಕೆ ನೆರೆ ತಪ್ಪಿ ಬಂಧಗಳು ನೇತಾಡತೊಡಗುತ್ತವೆ. ಅವು ಹೊಸದಾಗಿ ಸಾಲುಗೂಡಿ, ಏಳಕ್ಕೆ ಏಳರ ಒಂದೊಂದು ಘಟಕದಲ್ಲೂ 49 ಇರಬೇಕಿದ್ದ ಒಂಟಿ ಬಂಧಗಳನ್ನು 19ಕ್ಕೆ ಇಳಿಸಿಕೊಳ್ಳುತ್ತವೆ. ಈ ಪೂರ್ಣ ಲೆಕ್ಕವನ್ನು 1985ರಲ್ಲಿ ಬಿಡಿಸಿದವರು ಜಪಾನಿನ ಕುನಿಯೊ ತಕಾಯನಗಿ ಮತ್ತು ಸಂಗಡಿಗರು. ಮೇಲ್ಮೈ ಎಂಬುದು ಒಳಗಿನ ಹರಳು ಸುಮ್ಮನೆ ಮುಗಿಯುವ ಗಡಿಯಲ್ಲ, ಅದಕ್ಕೆ ಅದರದೇ ರಚನೆಯಿದೆ. ಕಬ್ಬಿಣ ತುಕ್ಕು ಹಿಡಿಯುವುದೂ ವೇಗವರ್ಧಕ ಕೆಲಸ ಮಾಡುವುದೂ ಅಲ್ಲಿಯೇ.

1986ರಲ್ಲಿ ಬಿನ್ನಿಗ್ ಮತ್ತು ರೋರರ್ ನೊಬೆಲ್ ಪಡೆದರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅರ್ನ್ಸ್ಟ್ ರುಸ್ಕಾ ಜೊತೆಗೆ ಹಂಚಿಕೊಂಡು. ವಿದ್ಯುತ್ ಹರಿಯದ ವಸ್ತುಗಳಿಗೂ ಸಲ್ಲುವ ಪರಮಾಣು ಬಲ ಸೂಕ್ಷ್ಮದರ್ಶಕವೂ ಅದೇ ವರ್ಷ ಪ್ರಕಟವಾಯಿತು. ಚಿತ್ರಗಳು ಜನರ ನಡುವೆ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿರುವ ಐಬಿಎಂನ ಅಲ್ಮಡೆನ್ ಪ್ರಯೋಗಾಲಯದಿಂದ. ಅಲ್ಲಿ 1989ರಲ್ಲಿ ಡಾನ್ ಐಗ್ಲರ್ ಮತ್ತು ಎರ್ಹಾರ್ಡ್ ಶ್ವೈಟ್ಸರ್ ನಿಕ್ಕಲ್ ಮೇಲೆ 35 ಕ್ಸೆನಾನ್ ಪರಮಾಣುಗಳನ್ನು ಸರಿಸಿ ಐಬಿಎಂ ಎಂಬ ಮೂರು ಅಕ್ಷರ ಬರೆದರು. 1993ರಲ್ಲಿ 48 ಕಬ್ಬಿಣದ ಪರಮಾಣುಗಳನ್ನು ತಾಮ್ರದ ಮೇಲೆ ಬಳೆಯಂತೆ ನಿಲ್ಲಿಸಿದಾಗ ಒಳಗೆ ಎಲೆಕ್ಟ್ರಾನುಗಳ ಅಲೆಗಳೇ ಕಂಡವು. 2013ರಲ್ಲಿ ಕಾರ್ಬನ್ ಮೊನಾಕ್ಸೈಡ್ ಅಣುಗಳನ್ನು ಜರುಗಿಸುತ್ತ 242 ಚೌಕಟ್ಟುಗಳ ಪುಟ್ಟ ಚಲನಚಿತ್ರವೂ ತಯಾರಾಯಿತು; ಹುಡುಗನೊಬ್ಬ ಪರಮಾಣುವಿನ ಜೊತೆ ಆಡುವ ಕಥೆ ಅದು.

ಇಷ್ಟು ಸೊಗಸಾದ ಚಿತ್ರಗಳೇ ತಪ್ಪು ತಿಳಿವಳಿಕೆಗೂ ದಾರಿ. ಪರಮಾಣುಗಳಿಗೆ ನೀಲಿ, ಕಿತ್ತಳೆ ಬಣ್ಣವಿದೆ ಎಂದು ಮಗು ನಂಬಿಬಿಡುತ್ತದೆ. ಆ ಬಣ್ಣ, ಆ ನೆರಳು ಎರಡೂ ಕಂಪ್ಯೂಟರಿನಲ್ಲಿ ಬಳಿದವು. ಅಳತೆ ಹೇಳುವುದು ಎತ್ತರ-ತಗ್ಗುಗಳನ್ನು ಮಾತ್ರ. ಅದೂ ಗಟ್ಟಿ ಗುಂಡಿನ ಎತ್ತರವಲ್ಲ, ಎಲೆಕ್ಟ್ರಾನುಗಳು ಎಲ್ಲಿ ಎಷ್ಟು ಸುಲಭವಾಗಿ ದಾಟುತ್ತವೆ ಎಂಬುದರ ನಕ್ಷೆ. ಗ್ರಾಫೈಟ್ ಇದಕ್ಕೆ ಸಾಕ್ಷಿ. ಅದರ ಮೇಲ್ಪದರದಲ್ಲಿ ಅಕ್ಕಪಕ್ಕದ ಇಂಗಾಲಗಳ ನಡುವಿನ ದೂರ 0.142 ನ್ಯಾನೋಮೀಟರ್, ಆದರೆ ಸಾಮಾನ್ಯವಾಗಿ ಚಿತ್ರದಲ್ಲಿ ಕಾಣುವ ಉಬ್ಬುಗಳ ದೂರ 0.246. ಎರಡಕ್ಕೊಂದು ಪರಮಾಣು ಮಾತ್ರ ಮೂಡಿ, ಇನ್ನೊಂದು ಅಲ್ಲಿದ್ದೂ ಕಾಣದೆ ಉಳಿಯುತ್ತದೆ.

ಆದ್ದರಿಂದ ಚಿತ್ರ ತೋರಿಸುವ ಮೊದಲು ಚಿತ್ರ ಹುಟ್ಟುವ ಬಗೆಯನ್ನು ಕೈಯಿಂದ ಮಾಡಿಸುವುದು ಉತ್ತಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಎಲ್ಲಿಸ್ ಮತ್ತು ಜೊತೆಯವರು ಫ್ರಿಜ್ಜಿಗೆ ಅಂಟಿಸುವ ಹಾಳೆ ಆಯಸ್ಕಾಂತವನ್ನೇ ಸಾಧನವಾಗಿಸಿದರು. ಅದರಿಂದ ಕತ್ತರಿಸಿದ ಸಣ್ಣ ಪಟ್ಟಿಯನ್ನು ಉಳಿದ ಹಾಳೆಯ ಬೆನ್ನ ಮೇಲೆ ಎಳೆದರೆ ಒಂದು ದಿಕ್ಕಿನಲ್ಲಿ ಕಟಕಟನೆ ಕುಪ್ಪಳಿಸುತ್ತದೆ, ಅಡ್ಡ ದಿಕ್ಕಿನಲ್ಲಿ ನಯವಾಗಿ ಜಾರುತ್ತದೆ. ಕಣ್ಣಿಗೆ ಕಾಣದ ಕಾಂತಧ್ರುವಗಳ ಸಾಲು ಬೆರಳಿಗೆ ತಿಳಿಯುತ್ತದೆ.

ಚಪ್ಪಲಿ ಡಬ್ಬಿಯ ಪ್ರಯೋಗಕ್ಕೆ ಆಯಸ್ಕಾಂತವೂ ಬೇಡ. ಡಬ್ಬಿಯೊಳಗೆ ಗೋಲಿ, ಅಡಕೆ, ಜೇಡಿಮಣ್ಣಿನ ದಿಬ್ಬ ಏನನ್ನಾದರೂ ಅಂಟಿಸಿ, ಮುಚ್ಚಳದಲ್ಲಿ ಸಮದೂರಕ್ಕೆ ತೂತು ಕೊರೆದು ಮುಚ್ಚಬೇಕು. ಗುರುತು ಹಾಕಿದ ಕಡ್ಡಿಯನ್ನು ಪ್ರತಿ ತೂತಿನಲ್ಲೂ ಇಳಿಸಿ ಆಳ ಅಳೆದು, ಚೌಕಳಿ ಹಾಳೆಯಲ್ಲಿ ಅಂಕಿ ಬರೆದು, ಅಂಕಿಗೊಂದು ಬಣ್ಣ ತುಂಬಬೇಕು. ತೂತುಗಳ ನಡುವಿನ ದೂರಕ್ಕಿಂತ ಸಣ್ಣ ವಸ್ತು ತಪ್ಪಿಹೋಗಬಹುದು, ಕಡ್ಡಿ ದಪ್ಪವಾದರೆ ಗೋಲಿಯೂ ಉಬ್ಬಿ ಕಾಣುತ್ತದೆ. ಬಣ್ಣ ಹಚ್ಚಿದ್ದು ತಾವೇ ಆದ್ದರಿಂದ ಅದು ವಸ್ತುವಿನ ಬಣ್ಣವಲ್ಲ ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಕಾಲೇಜು ಮಟ್ಟಕ್ಕೆ ನಿಜವಾದ ಉಪಕರಣವೇ ಬಂದಿದೆ. ಮೇಜಿನ ಮೇಲಿಡುವಷ್ಟು ಚಿಕ್ಕ ಟನೆಲಿಂಗ್ ಸೂಕ್ಷ್ಮದರ್ಶಕಗಳನ್ನು ಬೋಧನೆಗೆಂದೇ ತಯಾರಿಸಲಾಗುತ್ತದೆ. ಸಿಲಿಕಾನಿಗೆ ಬೇಕಾದಂಥ ಅತಿ ನಿರ್ವಾತ ಗ್ರಾಫೈಟಿಗೆ ಬೇಡ, ತೆರೆದ ಗಾಳಿಯೇ ಸಾಕು. ವಿದ್ಯಾರ್ಥಿ ಗ್ರಾಫೈಟ್ ತುಂಡಿಗೆ ಅಂಟುಪಟ್ಟಿ ಒತ್ತಿ ಕಿತ್ತು ಹೊಸ ಪದರ ತೆರೆಯುತ್ತಾನೆ; ಪ್ಲಾಟಿನಂ-ಇರಿಡಿಯಂ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಓರೆಯಾಗಿ ಎಳೆದು ಕತ್ತರಿಸಿ ಚೂಪು ತುದಿ ಮಾಡುತ್ತಾನೆ. ಎಷ್ಟೋ ಸಲ ತುದಿ ಸರಿಯಾಗದೆ ಮತ್ತೆ ಕತ್ತರಿಸಬೇಕಾಗುತ್ತದೆ. ಸರಿಯಾದಾಗ ಪರದೆಯ ಮೇಲೆ ಸಾಲುಸಾಲಾಗಿ ಮೂಡುವುದು ಇಂಗಾಲದ ಪರಮಾಣುಗಳು, ಅವನ ಜೇಬಿನ ಪೆನ್ಸಿಲ್ಲಿನಲ್ಲಿ ಇರುವಂಥವೇ.