ಗೆಜ್ಜೆವಸ್ತ್ರದ ಹತ್ತಿಯಲ್ಲಿ ಹಳೇ ಕಾಲದ ಕ್ರಿಸ್‌ಮಸ್

ಡಿಸೆಂಬರ್ ಬಂತೆಂದರೆ ಕೂಕಟ್‌ಪಲ್ಲಿಯ ಸ್ಟೇಷನರಿ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಒಳಗೆ ಪ್ಲಾಸ್ಟಿಕ್ ಮರಗಳು, ಡಜನ್ ಲೆಕ್ಕದಲ್ಲಿ ಸಿಗುವ ಕೆಂಪು, ಬಂಗಾರದ ಬಣ್ಣದ ಗುಂಡುಗಳು. ಆಫೀಸಿನ ರಿಸೆಪ್ಷನ್, ಮಾಲ್, ಅಪಾರ್ಟ್‌ಮೆಂಟ್ ಲಾಬಿ, ಎಲ್ಲೆಲ್ಲೂ ಅವೇ. ಈಗೀಗ ಇವುಗಳ ಜೊತೆಗೆ ‘ವಿಂಟೇಜ್’ ಎಂಬ ಹಣೆಪಟ್ಟಿಯ ಅಲಂಕಾರಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಸದಾಗಿ ತಯಾರಾಗಿ ಅಜ್ಜಿಯ ಕಾಲದ್ದರಂತೆ ಕಾಣುವ ಈ ವಸ್ತುಗಳಿಗೆ ಬೆಲೆಯೂ ಜೋರು.

ಇವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಮುಖ್ಯವಾಗಿ ಬೇಕಾದ ಸಾಮಗ್ರಿ ನಮ್ಮಲ್ಲಿ ಅನೇಕರ ದೇವರ ಮನೆಯ ಡಬ್ಬಿಯಲ್ಲೇ ಇದೆ: ಹತ್ತಿ.

ಕ್ರಿಸ್‌ಮಸ್ ಮರದ ಗಾಜಿನ ಗುಂಡುಗಳ ತವರು ಜರ್ಮನಿಯ ಥುರಿಂಗಿಯಾದ ಲೌಶಾ ಎಂಬ ಗಾಜಿನ ಕೆಲಸಗಾರರ ಊರು. 19ನೇ ಶತಮಾನದಲ್ಲಿ ಅಲ್ಲಿನವರು ಊದಿ ಮಾಡಿದ ತೆಳು ಗಾಜಿನ ಒಳಮೈಗೆ ಬೆಳ್ಳಿಯ ಲೇಪ ಕೊಡುತ್ತಿದ್ದರು. ವರ್ಷಗಳು ಕಳೆದಂತೆ ಆ ಲೇಪ ಅಲ್ಲಲ್ಲಿ ಮಂಕಾಗಿ ಚುಕ್ಕೆ ಬೀಳುತ್ತದೆ. ನಾವು ‘ಹಳೆಯ ಕಳೆ’ ಅನ್ನುವುದು ಇದನ್ನೇ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯಲ್ಲಿ ಇನ್ನೊಂದು ಬಗೆಯ ಅಲಂಕಾರವೂ ಬಳಕೆಗೆ ಬಂತು. ತಂತಿಯ ಮೇಲೆ ಹತ್ತಿ ಸುತ್ತಿ, ಅಂಟು ಹಚ್ಚಿ, ಬಣ್ಣ ಕೊಟ್ಟು ಹಣ್ಣು, ಹಕ್ಕಿ, ಮಕ್ಕಳ ಆಕಾರ ಮಾಡುತ್ತಿದ್ದರು. ಕೈಜಾರಿ ಬಿದ್ದರೂ ಇವು ಒಡೆಯುತ್ತಿರಲಿಲ್ಲ. ಇವತ್ತು ಹಳೆಯ ವಸ್ತುಗಳನ್ನು ಸಂಗ್ರಹಿಸುವವರು ಇಂಥವನ್ನು ಹುಡುಕಿಕೊಂಡು ಹೋಗುತ್ತಾರೆ.

ಹತ್ತಿಯನ್ನು ಹಿಂಜುವುದು, ಎಳೆಯುವುದು, ಬೆರಳು ಒದ್ದೆ ಮಾಡಿಕೊಂಡು ಹೊಸೆಯುವುದು. ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡುವಾಗ, ದೀಪಕ್ಕೆ ಬತ್ತಿ ಹೊಸೆಯುವಾಗ ನಮ್ಮ ಅಮ್ಮಂದಿರು ಮಾಡುವ ಕೆಲಸವೂ ಇದೇ ಅಲ್ಲವೇ?

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗಾಗಿ ಒಂದು ಭಾನುವಾರ ಇದನ್ನು ಮಾಡಿಸಿದೆವು. ತುಮಕೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಹಿರಿಯರು ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ತೆಲುಗು ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಮಗ, ಸೊಸೆ ಆಫೀಸಿಗೆ ಹೋದರೆ ಅವರಿಗೆ ದಿನವಿಡೀ ಟಿ.ವಿ.ಯೇ ಗತಿ. ಮಕ್ಕಳ ಕೈಯಲ್ಲಿ ಹತ್ತಿ ಉಂಡೆಗಟ್ಟುವುದನ್ನು ನೋಡಲಾರದೆ ಎದ್ದು ಬಂದು, “ಹಂಗಲ್ಲ ಮರಿ, ಕೊಡಿಲ್ಲಿ” ಎಂದರು. ಅರ್ಧ ಗಂಟೆಯಲ್ಲಿ ಅವರ ಸುತ್ತ ತೆಲುಗು, ಮಲಯಾಳಂ, ತಮಿಳು ಮಾತಾಡುವ ಮಕ್ಕಳ ಗುಂಪು. ಊರಿನಿಂದ ಬಂದ ತಂದೆತಾಯಿಗೆ ನಗರದ ಫ್ಲ್ಯಾಟಿನಲ್ಲಿ ಊಟ, ಔಷಧ ಎಲ್ಲ ಕೊಡುತ್ತೇವೆ. ಅವರಿಗೆ ಗೊತ್ತಿರುವುದನ್ನು ಯಾರಾದರೂ ಕೇಳುವಂಥ ಸಂದರ್ಭವನ್ನು ಮಾತ್ರ ಅಷ್ಟಾಗಿ ಕೊಡುವುದಿಲ್ಲ.

ಈಗ ವಿಧಾನಕ್ಕೆ ಬರೋಣ.

ಹತ್ತಿಯ ಹಣ್ಣು: ಮೆಡಿಕಲ್ ಶಾಪಿನ ಹತ್ತಿ ಸುರುಳಿ ಒಂದು, ಹಳೆಯ ಪೇಪರ್, ದಾರ, ತೆಳು ತಂತಿ, ಬಿಳಿ ಫೆವಿಕಾಲ್, ಚಹಾಪುಡಿ, ವಾಟರ್ ಕಲರ್. ಇಷ್ಟೇ ಸಾಮಗ್ರಿ. ಎರಡು ಚಮಚ ಚಹಾಪುಡಿಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಪೇಪರನ್ನು ನಿಂಬೆಹಣ್ಣಿನ ಗಾತ್ರಕ್ಕೆ ಮುದುಡಿ ದಾರ ಸುತ್ತಿ, ತೂಗುಹಾಕಲು ತಂತಿಯ ಕುಣಿಕೆ ಸಿಕ್ಕಿಸಿ. ಹತ್ತಿಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಬಿಡಿಸಿ ಮೊದಲು ಒಣಗಿದ್ದನ್ನೇ ಬಿಗಿಯಾಗಿ ಸುತ್ತಿ. ಮಾವಿನಕಾಯಿ, ಬದನೆಕಾಯಿ, ಸೀತಾಫಲ, ಆಕಾರ ನಿಮ್ಮಿಷ್ಟ. ಆಮೇಲೆ ಫೆವಿಕಾಲಿಗೆ ನೀರಿನ ಬದಲು ಅಷ್ಟೇ ಪ್ರಮಾಣದ ತಣ್ಣಗಿನ ಚಹಾ ಬೆರೆಸಿ, ಬ್ರಷ್‌ನಿಂದ ಮೇಲ್ಪದರಕ್ಕೆ ಹಚ್ಚಿ, ಒದ್ದೆ ಬೆರಳಿನಿಂದ ಸವರಿ. ಹತ್ತಿಯ ಅಚ್ಚಬಿಳುಪು ಹೋಗಿ ಕೆನೆ ಬಣ್ಣ ಬರುತ್ತದೆ. ಅರ್ಧ ಹಳೆತನ ಇಲ್ಲೇ ಬಂದುಬಿಡುತ್ತದೆ.

ಎರಡು ದಿನ ತೂಗುಹಾಕಿ ಒಣಗಿಸಿ. ನಂತರ ಒಂದು ಬದಿಗೆ ಮಾತ್ರ ತೆಳುವಾಗಿ ಬಣ್ಣ ಕೊಡಿ. ಪೂರ್ತಿ ಬಳಿದರೆ ಅಂಗಡಿಯ ಮಾಲಿನಂತೆ ಕಾಣುತ್ತದೆ. ಹಿಮದ ಪುಡಿ ಬೇಕೆನಿಸಿದರೆ ತುದಿಗೆ ಅಂಟು ಸವರಿ ಎಪ್ಸಮ್ ಸಾಲ್ಟ್ ಉದುರಿಸಿ. ಸಕ್ಕರೆ ಬೇಡ, ಇರುವೆ ಮುತ್ತುತ್ತದೆ.

ಕಾಗದದ ಪೊಟ್ಟಣ: 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿಯ ಮನೆಯವರು ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರ ಪ್ರಕಟಿಸಿತು. ಇಂಗ್ಲೆಂಡಿನಲ್ಲಿ ಈ ಪದ್ಧತಿ ಮನೆಮಾತಾಗಲು ಆ ಚಿತ್ರವೂ ಕಾರಣ. ಆ ಮರದಲ್ಲಿ ಸಿಹಿತಿಂಡಿ ತುಂಬಿದ ಪುಟ್ಟ ಬುಟ್ಟಿಗಳು ತೂಗುತ್ತಿದ್ದವು. ಮುಂದೆ ಕಾಗದದ ಶಂಕುವಿನಲ್ಲಿ ಮಿಠಾಯಿ ತುಂಬಿ ಮರಕ್ಕೆ ಕಟ್ಟುವುದೂ ರೂಢಿಯಾಯಿತು. ಶಂಕು ಅಂದರೇನು, ಬಸವನಗುಡಿ ಪರಿಷೆಯ ಕಡಲೆಕಾಯಿ ಪೊಟ್ಟಣವೇ! ಡ್ರಾಯಿಂಗ್ ಶೀಟಿಗೆ ಉಳಿದ ಚಹಾ ಬಳಿದು ಒಣಗಿಸಿ, ಪೊಟ್ಟಣ ಸುತ್ತಿ, ಅಂಚಿಗೆ ಹಳೆಯ ಸೀರೆಯ ಜರಿ ಅಂಟಿಸಿ. ಕಪ್ಪಿಟ್ಟ ಜರಿಯಾದರೆ ಇನ್ನೂ ಚೆನ್ನ. ಒಳಗೆ ಕಾಗದ ಸುತ್ತಿದ ಕಡಲೆ ಮಿಠಾಯಿ ಇಡಿ.

ಎರಡು ಎಚ್ಚರಿಕೆ. ಹತ್ತಿ, ಕಾಗದ ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ಮೇಣದಬತ್ತಿ ಹತ್ತಿರವಿರಬಾರದು, ಬಿಸಿಯಾಗದ ಎಲ್‌ಇಡಿ ಸರವೇ ಸಾಕು. ಇನ್ನು, ನಿಜವಾದ ಹಳೆಯ ಮಾಲು ಕೊಳ್ಳುವಾಸೆ ಇದ್ದರೆ ಬೆಳ್ಳಿ ಎಳೆಗಳ ವಿಚಾರದಲ್ಲಿ ಜಾಗ್ರತೆ. ಹಿಂದೆ ಅವುಗಳಲ್ಲಿ ಸೀಸ ಬಳಸುತ್ತಿದ್ದರು. ಮಕ್ಕಳಿಗೆ ಅಪಾಯವೆಂದು ಅಮೆರಿಕದಲ್ಲಿ 1972ರ ಹೊತ್ತಿಗೆ ಅದನ್ನು ಕೈಬಿಡಲಾಯಿತು. ಪುಟ್ಟ ಮಕ್ಕಳಿರುವ ಮನೆಗೆ ಚಹಾ ಬಳಿದ ಹತ್ತಿಯೇ ವಾಸಿ.

ಸಾಮಗ್ರಿಯೆಲ್ಲ ಕೆಪಿಎಚ್‌ಬಿ ಕಾಲೊನಿಯ ಅಂಗಡಿಗಳಲ್ಲೇ ಸಿಗುತ್ತದೆ. ಇಡೀ ಅಪಾರ್ಟ್‌ಮೆಂಟಿಗೆ ಬೇಕಾದರೆ ಸಗಟು ಪೇಟೆಯಾದ ಬೇಗಂ ಬಜಾರಿಗೆ ಹೋಗಿ. ಮೆಟ್ರೊದ ರೆಡ್ ಲೈನ್ ಹಿಡಿದರೆ ಟ್ರಾಫಿಕ್ಕಿನ ತಲೆನೋವಿಲ್ಲ.

ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಓಡಾಡುವ ನಮ್ಮಂಥವರ ಅಟ್ಟದಲ್ಲಿ ಹಳೆಯ ಪೆಟ್ಟಿಗೆಗಳಿರುವುದಿಲ್ಲ. ಆದರೆ ದಸರಾ ಗೊಂಬೆಗಳ ಪೆಟ್ಟಿಗೆ ತುಂಬಿದ್ದೂ ಒಂದೇ ದಿನದಲ್ಲಲ್ಲ, ವರ್ಷಕ್ಕೊಂದೆರಡು ಗೊಂಬೆ ಸೇರಿಸುತ್ತಾ ಹೋಗಿದ್ದರಿಂದ. ಹಾಗೆಯೇ ಪ್ರತಿ ಹತ್ತಿಯ ಹಣ್ಣಿನ ತಳದಲ್ಲಿ ಸಣ್ಣಗೆ ಇಸವಿ, ಮಾಡಿದವರ ಹೆಸರು ಬರೆಯಿರಿ. ಜನವರಿಯಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿಡಿ. ಇಪ್ಪತ್ತು ವರ್ಷ ಕಳೆದರೆ ಅದಕ್ಕೆ ಚಹಾದ ಬಣ್ಣ ಬೇಕಾಗುವುದಿಲ್ಲ.