ಕಂಬದಿಂದ ಬಂದ ಹೆಸರು

ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ—ಕರ್ನಾಟಕದ ಈ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ಕಡಲೊಳಗಿಲ್ಲ. ಆದರೆ ಉಡುಪಿಯ ಬಳಿ ಮಲ್ಪೆಯ ಎದುರಿಗೆ, ಅರಬ್ಬೀ ಸಮುದ್ರದಲ್ಲಿ, ರಾಷ್ಟ್ರದ ಸ್ವತ್ತೆಂದು ಗುರುತಿಸಲ್ಪಟ್ಟ ನಾಲ್ಕು ಪುಟ್ಟ ದ್ವೀಪಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಸೇಂಟ್ ಮೇರೀಸ್ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಕನ್ನಡ ಕರಾವಳಿಗೆ ಈ ಹೆಸರು ಬಂದುದೆಂತು? ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಹೋಗುವ ಮುನ್ನ ಇಲ್ಲಿ ಇಳಿದನೆಂದು ಹೇಳುವುದುಂಟು. ಆದರೆ ಅವನ ಹಡಗಿನವನೊಬ್ಬನು ಬರೆದಿಟ್ಟ ದಿನಚರಿಯಂತೆ, ಇದು ನಡೆದುದು 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಮರಳುವಾಗ. ಪೋರ್ಚುಗಲ್ಲಿನ ದೊರೆಯು ಮೂರು ಕಂಬಗಳನ್ನು ನೆಡಿಸಬೇಕೆಂದು ಅಪ್ಪಣೆ ಕೊಟ್ಟು, ಅವಕ್ಕೆ ಮೂರು ಹೆಸರುಗಳನ್ನೂ ಗೊತ್ತುಮಾಡಿದ್ದನು. 'ಸಾಂತಾ ಮರಿಯಾ' ಎಂಬ ಕಂಬವನ್ನು ಇಲ್ಲಿ ನೆಟ್ಟರು. ಕಂಬದ ಹೆಸರೇ ದ್ವೀಪಗಳಿಗೆ ಉಳಿಯಿತು. ಸ್ಥಳೀಯರಿಗೆ ಇದು ತೋನ್ಸೆಪಾರ್. ತೆಂಗಿನ ಮರಗಳ ದೆಸೆಯಿಂದ ಒಂದು ದ್ವೀಪಕ್ಕೆ ತೆಂಗಿನ ದ್ವೀಪವೆಂಬ ಹೆಸರೂ ಉಂಟು.

ಸೋಜಿಗವೆಂದರೆ, ಗಾಮನು ಒಂದು ಕಂಬವನ್ನು ತಂದು ನಿಲ್ಲಿಸಿದ ಈ ಎಡೆಯಲ್ಲಿ ಪ್ರಕೃತಿಯೇ ಅಸಂಖ್ಯ ಶಿಲಾಕಂಬಗಳನ್ನು ನಿಲ್ಲಿಸಿದ್ದಿತು. ಅವುಗಳಲ್ಲಿ ಅನೇಕಕ್ಕೆ ಐದು, ಆರು ಇಲ್ಲವೆ ಏಳು ಮುಖಗಳು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಿರಿಯುವುದನ್ನು ಮಹದೇವಪುರದ ಸುತ್ತಿನ ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಕೆಸರು ನೀರನ್ನು ಕಳೆದುಕೊಂಡು ಕುಗ್ಗುತ್ತದೆ. ಲಾವಾರಸವು ಶಾಖವನ್ನು ಕಳೆದುಕೊಂಡು ಕುಗ್ಗುತ್ತದೆ. ಮೇಲ್ಮೈ ಮೊದಲು ತಣಿದು ಗಟ್ಟಿಯಾದಾಗ ಅದರಲ್ಲಿ ಎಳೆತವುಂಟಾಗಿ ಬಿರುಕು ಮೂಡುವುದು. ಮೂರು ಬಿರುಕುಗಳು 120 ಅಂಶದ ಕೋನದಲ್ಲಿ ಕೂಡಿದರೆ, ಕಡಿಮೆ ಉದ್ದದ ಬಿರುಕಿನಿಂದಲೇ ಹೆಚ್ಚು ಎಳೆತ ಸಡಿಲುವುದು. ಆದುದರಿಂದಲೇ ಷಟ್ಕೋನದತ್ತ ಒಲವು. ತಣಿವು ಒಳಗಿಳಿದಂತೆ ಬಿರುಕೂ ಇಳಿದು ಕಂಬಗಳಾಗುವುವು.

ಈ ಲಾವಾ ಹರಿದುದು ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ. ದಖನ್ನಿನ ಲಾವಾಸ್ತರಗಳು ಇದಕ್ಕಿಂತ ಕಿರಿಯವು—ಸುಮಾರು 6.6 ಕೋಟಿ ವರ್ಷಗಳವು. ಹಾಗಾದರೆ ಇದರ ನಂಟು ಯಾವುದು? ಮಡಗಾಸ್ಕರಿನಲ್ಲಿಯೂ ಇದೇ ಕಾಲದ ಜ್ವಾಲಾಮುಖಿಯ ಶಿಲೆಗಳಿವೆ. ಭಾರತವೂ ಮಡಗಾಸ್ಕರೂ ಒಂದನ್ನೊಂದು ಅಗಲಿದಾಗ ಉಕ್ಕಿದ ಲಾವಾ ಇದೆಂದು ವಿಜ್ಞಾನಿಗಳು ಎಣಿಸುತ್ತಾರೆ.

ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ನಮ್ಮದೊಂದೇ ಬಿನ್ನಹ: ನೆನಪಿಗೆಂದು ಕಲ್ಲಿನ ಚೂರನ್ನೂ ಒಡೆದು ತರಬೇಡಿ. ಮನುಷ್ಯನು ನೆಟ್ಟ ಕಂಬ ಬಿದ್ದರೆ ಮತ್ತೊಂದನ್ನು ನೆಡಬಹುದು. ಇವು ಮುರಿದರೆ ಮತ್ತೆ ಬೆಳೆಯವು.