ವೈರಿಂಗ್ ನಾವೇ ಮಾಡ್ಕೋಬಹುದಾ? ಕಾನೂನಿನ ಗೆರೆ ಎಲ್ಲಿದೆ?

ಡ್ರಿಪ್ ಜೋಡಿಸೋದು, ಸ್ಪ್ರೇಯರ್ ರಿಪೇರಿ, ಎಲ್ಲವನ್ನೂ ನಾವೀಗ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿಯುತ್ತೇವೆ. ಅದೇ ಧೈರ್ಯದಲ್ಲಿ ಗೀಸರ್‌ಗೆ ಲೈನ್ ಎಳೆಯೋದಕ್ಕೂ, ಮೋಟರ್ ಸ್ಟಾರ್ಟರ್ ಬದಲಿಸೋದಕ್ಕೂ ಕೈ ಹಾಕ್ತೀವಿ. "ನಮ್ಮ ಮನೆ, ನಮ್ಮ ಮೀಟರ್, ಯಾರು ಕೇಳ್ತಾರೆ?" ಅಂತ ನನ್ನ ಹತ್ತಿರ ಹಲವರು ಹೇಳಿದ್ದಾರೆ. ಕಾನೂನು ಕೇಳುತ್ತೆ.

ನಿಯಮ ಏನು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಜಾರಿಯಾದವು. ಹೊಸ ವೈರಿಂಗ್, ಸೇರ್ಪಡೆ, ಬದಲಾವಣೆ, ರಿಪೇರಿ ಇವನ್ನೆಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರೇ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ ಇವನ್ನು ಕೊಡೋದು ವಿದ್ಯುತ್ ಪರಿವೀಕ್ಷಣಾಲಯ.

ಒಂದು ವಿನಾಯಿತಿ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಗೃಹೋಪಕರಣ ಹಾಳಾದರೆ ಅದರ ಜಾಗಕ್ಕೆ ಅಂಥದ್ದನ್ನೇ ನೀವೇ ಹಾಕಬಹುದು. ಆದರೆ ವೈರಿಂಗ್‌ನ ಸಾಮರ್ಥ್ಯ, ಸ್ವರೂಪ ಬದಲಾಗಬಾರದು.

ಹಾಗಾದರೆ ಯಾವುದು ತಪ್ಪು?

ಗೀಸರ್ ಲೆಕ್ಕ ನೋಡಿ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. 6 ಆಂಪಿಯರ್ ಸಾಕೆಟ್ ತೆಗೆದು ಅದೇ ತೆಳು ವೈರ್‌ಗೆ 16 ಆಂಪಿಯರ್ ಸಾಕೆಟ್ ಹಾಕಿದರೆ ವೈರ್ ಬಿಸಿಯಾಗಿ ಬೆಂಕಿ ಹತ್ತಬಹುದು. ಇದು ವಿನಾಯಿತಿಯಲ್ಲಿ ಬರಲ್ಲ. ತ್ರೀಫೇಸ್ ಪಂಪ್‌ಸೆಟ್ 415 ವೋಲ್ಟ್, ಅದೂ ಬರಲ್ಲ. ಟಿ.ಸಿ. ಫ್ಯೂಸ್ ಹಾಕೋದಂತೂ ನಮ್ಮ ಕೆಲಸವೇ ಅಲ್ಲ, 1912ಕ್ಕೆ ಫೋನ್ ಮಾಡಿ. ಕಂಬದಿಂದ ಕೊಕ್ಕೆ ಹಾಕಿದರೆ ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 135ರಡಿ ಕಳ್ಳತನ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹೊಣೆ ಯಾರದ್ದು?

2023ರ ನವೆಂಬರ್ 19ರಂದು ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ಬೆಸ್ಕಾಂ ತಂತಿ ತುಳಿದು ತಾಯಿ, ಮಗು ಸತ್ತದ್ದನ್ನು ನಮ್ಮ ಪಟ್ಟಂದೂರು ಅಗ್ರಹಾರದ ಕಡೆ ಯಾರೂ ಮರೆತಿಲ್ಲ. ಆಗ ಬೆಸ್ಕಾಂ ಸಿಬ್ಬಂದಿ ಮೇಲೆ ಕ್ರಮ ಆಯ್ತು. ಮೀಟರ್‌ನಿಂದ ಈಚೆಗೆ ಹೊಣೆ ನಮ್ಮದು. ನೀವು ಸುತ್ತಿದ ಜಾಯಿಂಟ್‌ನಿಂದ ತೋಟದ ಕೂಲಿಯವರು ಸತ್ತರೆ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ ನಿರ್ಲಕ್ಷ್ಯದ ಸಾವಿನ ಕೇಸು ಬೀಳಬಹುದು. ಶಿಕ್ಷೆ ಐದು ವರ್ಷದವರೆಗೆ.

ಮಾಡಬೇಕಾದ್ದು

ಅರ್ತ್ ಇಲ್ಲ ಅಂತ ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಸೇರಿಸಬೇಡಿ. ನ್ಯೂಟ್ರಲ್ ಕಡಿದರೆ ಮೋಟರ್ ಮೈಗೇ ಕರೆಂಟ್ ಬರುತ್ತೆ. ಎಂಸಿಬಿ ಕಾಯೋದು ವೈರನ್ನ, ಮನುಷ್ಯನನ್ನ ಕಾಯೋದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅದನ್ನ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಫ್ಯಾನ್ ಬದಲಿಸುವಾಗಲೂ ಮೇನ್ ಆಫ್ ಮಾಡಿ. ವೈರ್‌ಮನ್ ಬಂದಾಗ ಪರ್ಮಿಟ್ ಕೇಳಿ, ಅದರ ಫೋಟೋ ತಗೊಳ್ಳಿ, ಬಿಲ್ಲಿನಲ್ಲಿ ವೈರ್ ಅಳತೆ ಬರೆಸಿಕೊಳ್ಳಿ. ಕೇಳೋಕೆ ಸಂಕೋಚ ಬೇಡ.